ಗಾಳಿ ತಂದ ನೀಲಿ

ಮೊದಲ ದಿನ

ಕೋಣೆಯಲ್ಲಿ ಚೀಲ ಇಳಿಸಿದ್ದೇ ತಡ, ನಾನೂ ತಂಗಿಯೂ ದಡಕ್ಕೆ ಹೊರಟೆವು. ಸಂಜೆ ನಾಲ್ಕೂವರೆ. ನೀರು ಇನ್ನೂ ಹಿಂದೆ ಸರಿಯುತ್ತಿತ್ತು. ಅಮಾವಾಸ್ಯೆಗೆ ಎರಡು ದಿನ ಮುಂಚೆ ಬಂದಿಳಿಯಬೇಕೆಂದು ಕ್ಯಾಲೆಂಡರ್ ನೋಡಿಯೇ ಗೊತ್ತುಮಾಡಿದ್ದೆವು. ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವ ಆ ದಿನಗಳಲ್ಲಿ ಉಬ್ಬರ ಎಂದಿಗಿಂತ ಮೇಲಕ್ಕೆ ಹತ್ತುತ್ತದೆ, ಇಳಿತ ಎಂದಿಗಿಂತ ಕೆಳಕ್ಕೆ ಜಾರುತ್ತದೆ. ಕಡಲು ತಂದು ಹಾಕಿದ್ದನ್ನು ಹುಡುಕುವವರಿಗೆ ಅದಕ್ಕಿಂತ ಒಳ್ಳೆಯ ವಾರ ಇಲ್ಲ.

ತಂಗಿ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುವವಳು. ಅವಳ ಕೈಯಲ್ಲಿ ಬಿಳಿ ಎನಾಮೆಲ್ ತಟ್ಟೆ, ಉದ್ದ ಹಿಡಿಯ ಚಮಚ, ಭೂತಗನ್ನಡಿ. ನನ್ನ ಪಾಲಿಗೆ ನೋಟ್‌ಬುಕ್ಕು, ಚಿಮಟ ಮತ್ತು ಒಂದು ಮುಚ್ಚಳದ ಬಕೆಟ್ಟು.

ದಡದಲ್ಲಿ ನಡೆಯುವವರ ಕಣ್ಣು ಸಾಮಾನ್ಯವಾಗಿ ಅಲೆಗಳ ಮೇಲಿರುತ್ತದೆ. ನಾವು ನೋಡಬೇಕಾದದ್ದು ಅದಲ್ಲ. ಉಬ್ಬರ ಬಂದು ಹೋದ ಮೇಲೆ ಮರಳಿನ ಮೇಲೆ ಉಳಿಯುವ ಒಂದು ಗೆರೆ ಇದೆಯಲ್ಲ, ಪಾಚಿ, ಕಸಕಡ್ಡಿ, ಒಡೆದ ಚಿಪ್ಪು, ಏಡಿಯ ಕಾಲು ಎಲ್ಲ ಸೇರಿ ಹಾವಿನಂತೆ ಬಳುಕಿಕೊಂಡು ಹೋಗುವ ಗೆರೆ, ಅದೇ ನಮ್ಮ ದಾರಿ. ಬಗ್ಗಿ ನಡೆದೆವು. ಒಂದೂವರೆ ಗಂಟೆಯಲ್ಲಿ ಅರ್ಧ ಕಿಲೋಮೀಟರ್ ಕೂಡ ದಾಟಲಿಲ್ಲ.

ಸಿಕ್ಕಿದ್ದು ಹೆಚ್ಚಾಗಿ ಕಟಲ್‌ಫಿಶ್ ಎಂಬ ಮೃದ್ವಂಗಿಯ ಒಳಚಿಪ್ಪುಗಳು. ಬಿಳಿ, ಹಗುರ, ಪುಟ್ಟ ದೋಣಿಯ ಆಕಾರ. ಆಯುರ್ವೇದದಲ್ಲಿ ಇದಕ್ಕೆ ಸಮುದ್ರಫೇನ ಎಂದು ಹೆಸರು. ನೊರೆಯೇ ಗಟ್ಟಿಯಾದಂತೆ ಕಾಣುತ್ತದೆ, ಸರಿಯೇ. ಮುರಿದ ಒಂದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಾಗದಕ್ಕಿಂತ ತೆಳ್ಳಗಿನ ಹಾಳೆಗಳು ಒಂದರ ಮೇಲೊಂದು, ನಡುವೆ ಲೆಕ್ಕವಿಲ್ಲದಷ್ಟು ಪುಟ್ಟ ಕಂಬಗಳು. ಪ್ರಾಣಿ ಈ ಖಾನೆಗಳೊಳಗಿನ ದ್ರವವನ್ನು ಹೆಚ್ಚುಕಡಿಮೆ ಮಾಡಿ ನೀರಿನಲ್ಲಿ ತೇಲುವುದನ್ನೂ ಮುಳುಗುವುದನ್ನೂ ಹಿಡಿತದಲ್ಲಿ ಇಟ್ಟುಕೊಳ್ಳುತ್ತದೆ. ಮೊಟ್ಟೆಯಿಡುವ ಕಾಲ ಮುಗಿದ ಮೇಲೆ ಕಟಲ್‌ಫಿಶ್ ಬದುಕುವುದಿಲ್ಲ. ಒಳಚಿಪ್ಪುಗಳು ಹೀಗೆ ಗುಂಪುಗುಂಪಾಗಿ ದಡ ಸೇರುವುದಕ್ಕೆ ಅದೂ ಒಂದು ಕಾರಣ.

ಕತ್ತಲಾಗುವ ಹೊತ್ತಿಗೆ ತಂಗಿ ಒಂದು ಪುಟ್ಟ ಬಿಳಿ ಸುರುಳಿಯನ್ನು ಎತ್ತಿದಳು. ಬೆರಳಿನ ಉಗುರಿನಷ್ಟು. ಟಗರಿನ ಕೊಂಬಿನ ಹಾಗೆ ಸುತ್ತಿಕೊಂಡಿದೆ, ಆದರೆ ಸುತ್ತುಗಳು ಒಂದಕ್ಕೊಂದು ತಾಗುವುದಿಲ್ಲ. ಸ್ಪೈರುಲ ಎಂಬ, ಆಳ ಕಡಲಿನ ಪುಟ್ಟ ಜೀವಿಯೊಂದರ ಒಳಚಿಪ್ಪು ಇದು. ಸ್ಕ್ವಿಡ್, ಕಟಲ್‌ಫಿಶ್‌ಗಳ ನೆಂಟ. ಪ್ರಾಣಿ ಸತ್ತ ಮೇಲೆ ಚಿಪ್ಪು ತೇಲಿ ಮೇಲಕ್ಕೆ ಬರುತ್ತದೆ, ತಿಂಗಳುಗಟ್ಟಲೆ ಅಲೆದು ಯಾವುದೋ ದಡ ಹತ್ತುತ್ತದೆ. ಚಿಪ್ಪು ಕಂಡವರು ಸಾವಿರಾರು ಜನ. ಜೀವಂತ ಸ್ಪೈರುಲ ತನ್ನ ಮನೆಯಲ್ಲಿ, ಆಳದಲ್ಲಿ, ಮೊದಲ ಸಲ ಕ್ಯಾಮೆರಾಕ್ಕೆ ಸಿಕ್ಕಿದ್ದು 2020ರಲ್ಲಿ, ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಬಳಿ. ಬಲೆಗೆ ಸಿಕ್ಕವನ್ನು ನೋಡಿ ಅದು ತಲೆ ಕೆಳಗಾಗಿ ತೇಲುತ್ತದೆಂದು ವಿಜ್ಞಾನಿಗಳು ತಿಳಿದಿದ್ದರು. ಕ್ಯಾಮೆರಾದಲ್ಲಿ ಅದು ತಲೆ ಮೇಲೆ ಮಾಡಿಕೊಂಡು ನಿಂತಿತ್ತು. ದಡಕ್ಕೆ ಬಿದ್ದ ಚಿಪ್ಪು ಎಷ್ಟು ಹೇಳಬಲ್ಲದು, ಎಷ್ಟು ಹೇಳಲಾರದು ಎಂದು ಆ ಸುರುಳಿಯನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ಮಾತಾಡಿದೆವು.

ಎರಡನೇ ದಿನ

ಬೆಳಗಿನ ಐದಕ್ಕೆ ಎದ್ದಾಗಲೇ ಗಾಳಿ ದಿಕ್ಕು ಬದಲಿಸಿತ್ತು. ಹಿಂದಿನ ದಿನ ನೆಲದಿಂದ ಬೀಸುತ್ತಿದ್ದದ್ದು ಈಗ ಕಡಲಿನಿಂದ ನೇರ ಮುಖಕ್ಕೆ ಬಡಿಯುತ್ತಿತ್ತು. ಬೆಳಕು ಹರಿಯುತ್ತಿದ್ದಂತೆ ಉಬ್ಬರದ ಗೆರೆಯ ಬಣ್ಣವೇ ಬೇರೆಯಾಗಿ ಕಂಡಿತು. ಅಲ್ಲಲ್ಲಿ ಶಾಯಿ ಚೆಲ್ಲಿದ ಹಾಗೆ ನೀಲಿ ಚುಕ್ಕೆಗಳು.

ಹತ್ತಿರ ಹೋದರೆ ಗುಂಡಿಗಳು! ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡವು, ನಡುವೆ ಹಳದಿ ಮಿಶ್ರಿತ ಬಿಳಿ ಬಿಲ್ಲೆ, ಸುತ್ತ ಗಾಢ ನೀಲಿಯ ಎಳೆಗಳ ಅಂಚು. ಪೊರ್ಪಿಟ. 1758ರಲ್ಲಿ ಸ್ವೀಡನ್ನಿನ ಜೀವಶಾಸ್ತ್ರಜ್ಞ ಲಿನಿಯಸ್ ಹೆಸರಿಟ್ಟ ಜೀವಿ. ಬಿಲ್ಲೆ ಅಂದರೆ ಅದರ ತೆಪ್ಪ: ಒಂದರ ಸುತ್ತ ಒಂದರಂತೆ ಉಂಗುರದ ಖಾನೆಗಳು, ಒಳಗೆಲ್ಲ ಗಾಳಿ. ನೋಡುವುದಕ್ಕೆ ಅಂಬಲಿ ಮೀನಿನ ಮರಿಯಂತಿದ್ದರೂ ಇದು ಆ ಜಾತಿಯಲ್ಲ. ಪಾಲಿಪ್ ಎಂಬ ನೂರಾರು ಪುಟ್ಟ ಜೀವಿಗಳು ಕೂಡಿ ಬಾಳುವ ವಠಾರ. ಕೆಲವಕ್ಕೆ ಬೇಟೆ ಹಿಡಿಯುವ ಕೆಲಸ, ಕೆಲವಕ್ಕೆ ಜೀರ್ಣಿಸುವ ಕೆಲಸ, ಕೆಲವಕ್ಕೆ ಸಂತಾನ ಮುಂದುವರಿಸುವ ಕೆಲಸ.

ಒಂದನ್ನು ಚಮಚದಲ್ಲಿ ಎತ್ತಿ ಕಡಲ ನೀರು ತುಂಬಿದ ತಟ್ಟೆಗೆ ಬಿಟ್ಟೆವು. ಮರಳಿನ ಮೇಲೆ ಮುದುಡಿದ ಬಟ್ಟೆಯಂತೆ ಬಿದ್ದಿದ್ದ ಅಂಚು ನೀರು ಮುಟ್ಟಿದ ಕೂಡಲೇ ಬಿಚ್ಚಿಕೊಂಡಿತು. ಪ್ರತಿ ಎಳೆಯ ಮೇಲೂ ಸಾಲಾಗಿ ಮಣಿ ಪೋಣಿಸಿದ ಹಾಗೆ ಪುಟ್ಟ ಗುಬುಟುಗಳು. ಅವುಗಳಲ್ಲೇ ಕುಟುಕು ಕೋಶಗಳಿರುವುದು. ಮನುಷ್ಯನಿಗೆ ಹೆಚ್ಚೆಂದರೆ ಕೆರೆತ, ಆದರೂ ನಾವು ಬರಿಗೈಯಲ್ಲಿ ಮುಟ್ಟಲಿಲ್ಲ.

ನೂರು ಹೆಜ್ಜೆಯಲ್ಲಿ 214 ಎಣಿಸಿದೆ. ಮುಂದಿನ ನೂರರಲ್ಲಿ ಎಣಿಕೆ ಕೈಬಿಟ್ಟೆ. ನೀಲಿಯ ಮೇಲೆ ಕಾಲಿಡದೆ ನಡೆಯುವುದೇ ಕಷ್ಟವಾಗಿತ್ತು.

ಸಂಜೆ ತಂಗಿ ಒಂದು ಪ್ರಶ್ನೆ ಎತ್ತಿದಳು. ಇವು ಈಜಲಾರವು, ಮುಳುಗಲಾರವು, ಹುಟ್ಟಿದ ಮೇಲೆ ಗಾಳಿ ತಳ್ಳಿದ ಕಡೆಗೆ ಹೋಗುವುದಷ್ಟೇ ಗೊತ್ತು. ಹಾಗಾದರೆ ಇವುಗಳ ಜೊತೆ ಅದೇ ನೀರಿನ ಮೇಲೆ ತೇಲುತ್ತಿದ್ದ ಉಳಿದವರು ಎಲ್ಲಿ? ಪೊರ್ಪಿಟವನ್ನು ತಿನ್ನುವವರು ಇದ್ದೇ ಇರಬೇಕಲ್ಲ? ಗಾಳಿ ಹೀಗೇ ನಿಂತರೆ ಅವರೂ ಬರಬೇಕು. ಆ ಮಾತಿನಿಂದ ನನಗೆ ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಮೂರನೇ ದಿನ

ಅಮಾವಾಸ್ಯೆ. ಗಾಳಿ ಜೋರು, ಅಲೆಗಳು ಮುರಿಯುವ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ. ರಾತ್ರಿಯ ಉಬ್ಬರ ಹಿಂದಿನ ಗೆರೆಯನ್ನು ನುಂಗಿ, ಅದಕ್ಕಿಂತ ಎಂಟು ಹೆಜ್ಜೆ ಮೇಲೆ ಹೊಸ ಗೆರೆ ಎಳೆದಿತ್ತು.

ಅದರಲ್ಲಿ ಗಾಜಿನ ಗುಳ್ಳೆಗಳಂಥವು ಬಿದ್ದಿದ್ದವು. ನೀಲಿ, ತುದಿಯಲ್ಲಿ ನಸುಗೆಂಪು, ಮೇಲೆ ಸುಕ್ಕುಗಟ್ಟಿದ ಜುಟ್ಟು. ಕೆಳಗೆ ನೀಲಿ ದಾರದ ಗೋಜಲು. ಫೈಸೇಲಿಯ, ಅಂದರೆ ಪೋರ್ಚುಗೀಸ್ ಮ್ಯಾನ್ ಆಫ್ ವಾರ್. ಹಳೆಯ ಯುದ್ಧನೌಕೆಯ ಹಾಯಿಯಂತೆ ಕಾಣುವ ಜುಟ್ಟಿನಿಂದ ಬಂದ ಹೆಸರು. ಇದೂ ಒಂದು ವಠಾರವೇ. ಒಂದೇ ಮೊಟ್ಟೆಯಿಂದ ಹುಟ್ಟಿ, ಬೇರೆ ಬೇರೆ ಅಂಗಗಳಂತೆ ಬೆಳೆದ ಪಾಲಿಪ್‌ಗಳ ಕೂಟ. ಗುಳ್ಳೆಯೊಳಗೆ ಗಾಳಿಯ ಜೊತೆ ಅದು ತಾನೇ ತಯಾರಿಸುವ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಕೆಳಗಿನ ಎಳೆಗಳು ಹತ್ತು ಮೀಟರ್ ಉದ್ದ ಬೆಳೆಯುವುದು ಮಾಮೂಲು, 30 ಮೀಟರ್ ಮುಟ್ಟಿದ್ದೂ ಉಂಟು. ಜಗತ್ತಿನ ಕಡಲುಗಳಲ್ಲೆಲ್ಲ ಇರುವುದು ಒಂದೇ ಪ್ರಭೇದ ಎಂಬ ಮಾತೇ ಬಹುಕಾಲ ನಡೆದುಬಂದಿತ್ತು. ಜೀನ್‌ಗಳನ್ನು ಹೋಲಿಸಿ ನೋಡಿದ ಮೇಲೆ 2025ರಲ್ಲಿ ಅದು ನಾಲ್ಕಾಯಿತು.

ಜುಟ್ಟನ್ನು ಗಮನಿಸಿ ನೋಡಿದರೆ ಒಂದು ಸೋಜಿಗ. ಕೆಲವುಗಳಲ್ಲಿ ಹಾಯಿ ಎಡಕ್ಕೆ ಓರೆ, ಕೆಲವುಗಳಲ್ಲಿ ಬಲಕ್ಕೆ. ಒಂದೇ ಗಾಳಿ ಎರಡನ್ನೂ ಎರಡು ಕಡೆಗೆ ಒಯ್ಯುತ್ತದೆ. ಹಾಗಾಗಿ ಒಂದು ದಡಕ್ಕೆ ಒಂದೇ ಬಗೆಯವು ಹೆಚ್ಚಾಗಿ ಬಂದು ಬೀಳುತ್ತವೆ, ಇನ್ನೊಂದು ಬಗೆಯವು ಕಡಲಲ್ಲೇ ಉಳಿದು ಬಚಾವಾಗುತ್ತವೆ. ಓದಿ ಗೊತ್ತಿತ್ತು, ಕಣ್ಣಾರೆ ಕಂಡಿರಲಿಲ್ಲ. ಒಂದೊಂದೇ ನೋಡುತ್ತಾ ಹೋದೆವು. 31ರಲ್ಲಿ 28 ಒಂದೇ ಕಡೆಗೆ ವಾಲಿದ್ದವು. ತಂಗಿ ಮರಳಿನ ಮೇಲೆ ಕೂತುಬಿಟ್ಟಳು. ನಿನ್ನೆಯಿಂದ ನಮ್ಮ ಮುಖಕ್ಕೆ ಬಡಿಯುತ್ತಿದ್ದ ಗಾಳಿ ದೂರದ ಕಡಲಿನಲ್ಲಿ ಯಾರನ್ನು ತರಬೇಕು, ಯಾರನ್ನು ಬಿಡಬೇಕು ಎಂದು ಜರಡಿ ಹಿಡಿದಿತ್ತು.

ಅವಘಡ ಆದದ್ದು ವಾಪಸು ಬರುವಾಗ. ಗುಳ್ಳೆಗಳನ್ನು ತಪ್ಪಿಸಿ ನಡೆಯುತ್ತಿದ್ದೆ, ಆದರೆ ಅಲೆಗೆ ಹರಿದುಹೋದ ಒಂದು ಎಳೆ ಬೇರೆಯಾಗಿ ತೆಳುನೀರಿನಲ್ಲಿ ಬರುತ್ತಿದ್ದದ್ದು ಕಾಣಲಿಲ್ಲ. ಎಡಗಾಲಿನ ಹಿಮ್ಮಡಿಯ ಮೇಲೆ ಕಾದ ತಂತಿ ಸುತ್ತಿದ ಹಾಗಾಯಿತು. ಚಮಚದ ಹಿಡಿಯಿಂದ ತಂಗಿ ಎಳೆಯನ್ನು ಬಿಡಿಸಿದಳು. ಉಜ್ಜಬಾರದು, ಮರಳು ಹಾಕಿ ತಿಕ್ಕಬಾರದು. ಉಜ್ಜಿದಷ್ಟೂ ಇನ್ನೂ ಸಿಡಿಯದ ಕುಟುಕು ಕೋಶಗಳು ಸಿಡಿಯುತ್ತವೆ. ಪ್ರಾಣಿ ಸತ್ತು ದಡದಲ್ಲಿ ದಿನಗಟ್ಟಲೆ ಬಿದ್ದಿದ್ದರೂ ಆ ಕೋಶಗಳು ಸಾಯುವುದಿಲ್ಲ. ಕೋಣೆಗೆ ಬಂದು ಚರ್ಮ ತಡೆಯುವಷ್ಟು, ಸುಮಾರು 45 ಡಿಗ್ರಿ ಬಿಸಿನೀರಿನಲ್ಲಿ ಮುಕ್ಕಾಲು ಗಂಟೆ ಕಾಲಿಟ್ಟು ಕೂತೆ. ಉರಿ ನಿಧಾನಕ್ಕೆ ಇಳಿಯಿತು. ಉಸಿರು ಕಟ್ಟಿದರೆ, ಎದೆ ಬಿಗಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ನನಗೆ ಅದಾವುದೂ ಆಗಲಿಲ್ಲ. ಹಿಮ್ಮಡಿಯ ಸುತ್ತ ಕೆಂಪು ಮಣಿಸರದಂಥ ಗುರುತು ಮಾತ್ರ ವಾರ ಕಳೆದರೂ ಮಾಸಲಿಲ್ಲ.

ನಾಲ್ಕನೇ ದಿನ

ಕಾಲಿಗೆ ರಬ್ಬರ್ ಬೂಟು. ಇಳಿತ ಏಳು ಗಂಟೆಗೆ. ಈ ದಿನದ ಪುಟಗಳು ನನ್ನ ನೋಟ್‌ಬುಕ್ಕಿನಲ್ಲಿ ಉಳಿದೈದೂ ದಿನಗಳಿಗಿಂತ ಹೆಚ್ಚು.

ಮೊದಲು ಕಂಡದ್ದು ನೇರಳೆ ಶಂಖ. ಎಷ್ಟು ತೆಳುವೆಂದರೆ ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಆಚೆಯಿಂದ ಕಾಣುತ್ತದೆ. ಜಾಂತಿನ. ಬಸವನಹುಳುವಿನ ಜಾತಿಯೇ, ಆದರೆ ನೆಲ ಕಾಣದ ಬಸವನಹುಳು. ಪಾದದಿಂದ ಲೋಳೆ ಸ್ರವಿಸಿ, ಅದರಲ್ಲಿ ಗಾಳಿ ಸಿಕ್ಕಿಸಿ, ಗುಳ್ಳೆ ಗುಳ್ಳೆ ಕೂಡಿಸಿ ತೆಪ್ಪ ಕಟ್ಟಿಕೊಳ್ಳುತ್ತದೆ. ಆ ತೆಪ್ಪಕ್ಕೆ ತಲೆಕೆಳಗಾಗಿ ಜೋತುಬಿದ್ದು ಬದುಕೆಲ್ಲ ತೇಲುತ್ತದೆ. ಈಜು ಬಾರದು. ತೆಪ್ಪ ಕಳಚಿಕೊಂಡರೆ ಮುಳುಗುತ್ತದೆ, ಮುಳುಗಿದರೆ ಮುಗಿಯಿತು. ಈ ತೆಪ್ಪ ಎಲ್ಲಿಂದ ಬಂತು ಎಂಬುದಕ್ಕೆ 2011ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಉತ್ತರ ಕೊಟ್ಟರು: ತಳದಲ್ಲಿ ಬದುಕುತ್ತಿದ್ದ ಪೂರ್ವಜರ ಮೊಟ್ಟೆಗೊಂಚಲೇ ಬದಲಾಗುತ್ತಾ ಬಂದು ತೆಪ್ಪವಾಯಿತು.

ನಮಗೆ ಸಿಕ್ಕ ಹನ್ನೊಂದರಲ್ಲಿ ಎರಡಕ್ಕೆ ತೆಪ್ಪ ಇನ್ನೂ ಅಂಟಿಕೊಂಡಿತ್ತು. ಸೋಪಿನ ನೊರೆ ಗಟ್ಟಿಯಾದಂತೆ, ಆದರೆ ಬೆರಳಿನಲ್ಲಿ ಒತ್ತಿದರೆ ಒಡೆಯುವುದಿಲ್ಲ, ಪುಟಿಯುತ್ತದೆ. ಒಂದರ ಬಾಯಿ ಇನ್ನೂ ಅರ್ಧ ತಿಂದ ಪೊರ್ಪಿಟದ ಮೇಲಿತ್ತು. ತಂಗಿ ನನ್ನ ಮುಖ ನೋಡಿದಳು. ತಿನ್ನುವವರು ಬಂದಿದ್ದರು.

ಶಂಖದ ಬಣ್ಣ ಒಂದೇ ಸಮ ಇಲ್ಲ. ಒಂದು ಮೈ ಗಾಢ ನೇರಳೆ, ಇನ್ನೊಂದು ಮೈ ಬಿಳಿಗೆ ತಿರುಗಿದ ತಿಳಿನೇರಳೆ. ತಲೆಕೆಳಗಾಗಿ ತೇಲುವಾಗ ಗಾಢ ಮೈ ಆಕಾಶದ ಕಡೆಗೆ ಬರುತ್ತದೆ. ಮೇಲಿನಿಂದ ನೋಡುವ ಹಕ್ಕಿಗೆ ಕಡಲೇ ಕಾಣಬೇಕು, ಕೆಳಗಿನಿಂದ ನೋಡುವ ಮೀನಿಗೆ ಬೆಳಕೇ ಕಾಣಬೇಕು. ಮೂರು ದಿನಗಳಿಂದ ದಡಕ್ಕೆ ಬಂದದ್ದೆಲ್ಲ ಏಕೆ ನೀಲಿ ಎಂದು ನಾವು ಕೇಳಿಕೊಳ್ಳುತ್ತಿದ್ದೆವಲ್ಲ, ಹಿಡಿಯಷ್ಟು ಶಂಖ ಅದಕ್ಕೊಂದು ಉತ್ತರವನ್ನು ಮೈಮೇಲೇ ಬರೆದುಕೊಂಡು ಬಂದಿತ್ತು. ಕಡಲ ಮೇಲ್ಪದರದಲ್ಲಿ ಅಡಗಿಕೊಳ್ಳಲು ಬಂಡೆಯಿಲ್ಲ, ಪೊದೆಯಿಲ್ಲ, ಬಿಲವಿಲ್ಲ. ಅಲ್ಲಿ ಬಣ್ಣವೇ ಮರೆ.

ಎಂಟು ಗಂಟೆ ಹೊತ್ತಿಗೆ ನೀರು ಮತ್ತೆ ಏರತೊಡಗಿತು. ಬಂಡೆಗಳ ಹತ್ತಿರ ನೊರೆಯ ಅಂಚಿನಲ್ಲಿ ಏನೋ ಹೊಳೆದಂತಾಯಿತು. ಹಕ್ಕಿಯ ಪುಕ್ಕದ ತುಂಡೆಂದುಕೊಂಡು ದಾಟಿ ಹೋಗುತ್ತಿದ್ದೆ. ತಂಗಿ ತೋಳು ಹಿಡಿದು ನಿಲ್ಲಿಸಿದಳು. ಅವಳಿಗೆ ಮಾತು ಹೊರಡಲಿಲ್ಲ.

ಗ್ಲಾಕಸ್. ನೀಲಿ ಡ್ರ್ಯಾಗನ್ ಎಂದು ಕರೆಯುವ, ಚಿಪ್ಪಿಲ್ಲದ ಕಡಲ ಬಸವನಹುಳು. ಕಾಲೇಜಿನ ದಿನಗಳಿಂದ ಇಬ್ಬರೂ ಚಿತ್ರಗಳಲ್ಲಿ ಮಾತ್ರ ನೋಡಿದ್ದ ಜೀವ, ಮರಳಿನ ಮೇಲೆ ಎರಡು ಸೆಂಟಿಮೀಟರ್‌ನ ಬೂದು ಮುದ್ದೆಯಾಗಿ ಬಿದ್ದಿತ್ತು.

ಚಮಚವನ್ನು ಅದರ ಕೆಳಗೆ ಮರಳಿನ ಸಮೇತ ತೂರಿಸಿ ತಟ್ಟೆಗೆ ಇಳಿಸಿದೆವು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಮುದ್ದೆ ಬಿಚ್ಚಿಕೊಂಡಿತು. ಎರಡೂ ಬದಿಯಲ್ಲಿ ತೋಳುಗಳಂಥ ಚಾಚು, ಪ್ರತಿ ತೋಳಿನ ತುದಿಯಲ್ಲಿ ಬೀಸಣಿಗೆಯಂತೆ ಹರಡಿದ ಬೆರಳುಗಳು. ಬೆರಳಿನ ಬುಡ ತಿಳಿನೀಲಿ, ತುದಿ ಕಡುನೀಲಿ. ಬೂದುಬೆಳ್ಳಿಯ ಬೆನ್ನು ಮೇಲೆ ಮಾಡಿ ಬಿದ್ದಿದ್ದದ್ದು ಒಂದು ಪಕ್ಕಕ್ಕೆ ಬಳುಕಿ, ಇನ್ನೊಂದು ಪಕ್ಕಕ್ಕೆ ಬಳುಕಿ, ಮಗುವೊಂದು ಮಗುಚಿಕೊಳ್ಳುವ ಹಾಗೆ ತಿರುಗಿತು. ಈಗ ಹೊಟ್ಟೆ ಮೇಲೆ. ಅದರ ನಡುವೆ ಬೆಳ್ಳಿಯ ಗೆರೆ, ಎರಡೂ ಕಡೆ ನವಿಲುಗರಿಯ ನೀಲಿ. ಗಾಳಿ ನುಂಗಿ ಹೊಟ್ಟೆಯಲ್ಲಿಟ್ಟುಕೊಂಡು ತೇಲುವ ಈ ಜೀವಿಗೆ ಹೊಟ್ಟೆ ಮೇಲಾಗಿರುವುದೇ ಸರಿಯಾದ ಮಗ್ಗುಲು.

ಕಡಲು ಸುತ್ತಿ ಬಂದ ನಿಸರ್ಗ ವಿಜ್ಞಾನಿ ಫಾರ್ಸ್ಟರ್ 1777ರಲ್ಲಿ ಇದಕ್ಕೆ ಗ್ಲಾಕಸ್ ಅಟ್ಲಾಂಟಿಕಸ್ ಎಂದು ಹೆಸರಿಟ್ಟ. ಪೂರ್ತಿ ಬೆಳೆದರೂ ಮೂರು ಸೆಂಟಿಮೀಟರ್ ಆಸುಪಾಸು. ಅಷ್ಟೇ ಗಾತ್ರದ ಇದು ತಿನ್ನುವುದು ಫೈಸೇಲಿಯವನ್ನು. ನನ್ನ ಕಾಲಿಗೆ ಬೆಂಕಿಯಿಟ್ಟ ಅದೇ ಕುಟುಕು ಕೋಶಗಳನ್ನು ಸಿಡಿಯದಂತೆ ನುಂಗಿ, ಅವುಗಳನ್ನು ತನ್ನ ಬೆರಳ ತುದಿಗಳಿಗೆ ಸಾಗಿಸಿ, ಕೂಡಿಟ್ಟುಕೊಂಡು ತನ್ನ ಆಯುಧ ಮಾಡಿಕೊಳ್ಳುತ್ತದೆ. ಒಂದೆಡೆ ಒತ್ತಾಗಿ ಸೇರಿದ್ದರಿಂದ ಇದರ ಕುಟುಕು ಮೂಲದ್ದಕ್ಕಿಂತ ತೀಕ್ಷ್ಣವೂ ಆಗಬಹುದು. ಚೆಂದ ಕಂಡು ಅಂಗೈಯಲ್ಲಿಟ್ಟು ಫೋಟೊ ತೆಗೆಯುವವರು ಇದನ್ನು ದಯವಿಟ್ಟು ನೆನಪಿಡಬೇಕು.

ಮಧ್ಯಾಹ್ನದವರೆಗೆ ಮುಚ್ಚಳದ ಬಕೆಟ್ಟಿನಲ್ಲಿ, ನೆರಳಿನಲ್ಲಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸುತ್ತಾ ಇಟ್ಟುಕೊಂಡೆವು. ಉಬ್ಬರ ಇಳಿಯತೊಡಗಿದ ಮೇಲೆ ಬಂಡೆಸಾಲಿನ ಆಚೆ ಬದಿಗೆ ಹೋದೆವು. ಅಲ್ಲಿ ಸೆಳೆತ ಹೊರಗಡೆಗಿತ್ತು. ತಟ್ಟೆಯನ್ನು ನೀರಿನಲ್ಲಿ ಅದ್ದಿ ಸರಿಸಿದೆ. ನೀಲಿ ನೀರಿನ ಮೇಲೆ ನೀಲಿ. ಎರಡು ಮೀಟರ್ ಹೋಗುವಷ್ಟರಲ್ಲಿ ಕಣ್ಣಿಗೆ ಸಿಗದಾಯಿತು. ಗಾಳಿ ಮತ್ತೆ ದಡಕ್ಕೇ ತಂದಿರಲೂಬಹುದು. ಆದರೂ ಬಿಟ್ಟದ್ದು ನಮಗೆ ಸಮಾಧಾನ.

ಸಂಜೆ ಗೆರೆಯಲ್ಲಿ ಪ್ಲಾಸ್ಟಿಕ್ಕೂ ಹೆಚ್ಚಿತ್ತು. ಮುಚ್ಚಳ, ಹಗ್ಗದ ತುಣುಕು, ಪುಡಿಯಾದ ಥರ್ಮೋಕೋಲ್, ಅವುಗಳ ನಡುನಡುವೆ ಪೊರ್ಪಿಟ, ಜಾಂತಿನ. ಒಟ್ಟಿಗೆ ಬರುವುದು ಕಾಕತಾಳೀಯವಲ್ಲ. ಎರಡನ್ನೂ ತಳ್ಳುವುದು ಅದೇ ಗಾಳಿ, ಅದೇ ಪ್ರವಾಹ. 2019ರಲ್ಲಿ ಬೆನ್ವಾ ಲೆಕೋಂಟ್ ಎಂಬ ಈಜುಗಾರ ಉತ್ತರ ಪೆಸಿಫಿಕ್‌ನ ಕಸದ ಸುಳಿಯ ನಡುವೆ ಈಜಿ ಹೋದಾಗ ಜೊತೆಗಿದ್ದ ಹಡಗಿನವರು ಬಲೆ ಎಳೆದು ಲೆಕ್ಕ ಹಿಡಿದರು. ಕಸ ಎಲ್ಲಿ ದಟ್ಟವಾಗಿತ್ತೋ ಅಲ್ಲೇ ಈ ನೀಲಿ ಜೀವಿಗಳೂ ದಟ್ಟವಾಗಿದ್ದವು. ಆ ಫಲಿತಾಂಶ 2023ರಲ್ಲಿ ಅಚ್ಚಾಯಿತು. ಕಡಲ ಮೇಲಿಂದ ಕಸ ಬಾಚುವ ಯಂತ್ರಗಳ ಸುದ್ದಿ ಓದುವಾಗಲೆಲ್ಲ ನನಗೆ ಈಗ ತಟ್ಟೆಯಲ್ಲಿ ಮಗುಚಿಕೊಂಡ ಆ ಎರಡು ಸೆಂಟಿಮೀಟರ್ ನೆನಪಾಗುತ್ತದೆ.

ಐದನೇ ದಿನ

ಇಡೀ ದಿನ ಮಳೆ. ಬೆಳಗ್ಗೆ ಒಂದು ಗಂಟೆ ಮಾತ್ರ ಹೊಳವಾಗಿತ್ತು. ಗಾಳಿ ಬಿದ್ದಿತ್ತು, ಆದರೆ ಹಿಂದಿನ ರಾತ್ರಿಯ ದೊಡ್ಡ ಅಲೆಗಳು ತಳವನ್ನು ಕೆದಕಿದ್ದರಿಂದ ದಡದಲ್ಲಿ ನೀಲಿ ಕಡಿಮೆ, ಕಂದು ಹೆಚ್ಚು. ಹೃದಯದಾಕಾರದ ಕಡಲಚೆಂಡು (ಸೀ ಅರ್ಚಿನ್) ಎರಡು, ಮೈತುಂಬ ಕೂದಲಿನಂಥ ಮುಳ್ಳು. ಚಂದ್ರಶಂಖದ ಮೊಟ್ಟೆಯ ಪಟ್ಟಿ ಒಂದು. ಅಂಗಿಯ ಕಾಲರ್‌ನಂತೆ ಸುತ್ತಿಕೊಂಡಿರುವ ಇದನ್ನು ರಬ್ಬರ್ ತುಂಡೆಂದು ಎಸೆಯುವವರೇ ಬಹಳ. ತಾಯಿ ಶಂಖ ಮರಳಿನ ಕಣಗಳನ್ನು ಲೋಳೆಯಲ್ಲಿ ಅಂಟಿಸಿ, ನಡುವೆ ಸಾವಿರಾರು ಮೊಟ್ಟೆ ಹುದುಗಿಸಿ ಮಾಡಿದ್ದು. ಒದ್ದೆಯಿದ್ದುದರಿಂದ ನೀರಿಗೆ ಮರಳಿಸಿದೆವು.

ಉಳಿದ ಹೊತ್ತು ಕಿಟಕಿಯ ಬಳಿ ಕೂತು ದಡಕ್ಕೆ ಬಿದ್ದವರ ಕಥೆಗಳನ್ನೇ ಮಾತಾಡಿದೆವು. ಆರ್ಕಿಟೂತಿಸ್ ಎಂಬ ದೈತ್ಯ ಸ್ಕ್ವಿಡ್‌ಗೆ 1857ರಲ್ಲಿ ಡೆನ್ಮಾರ್ಕಿನ ಪ್ರಾಣಿವಿಜ್ಞಾನಿ ಸ್ಟೀನ್‌ಸ್ಟ್ರೂಪ್ ಹೆಸರಿಟ್ಟದ್ದು ದಡಕ್ಕೆ ಬಿದ್ದ ಒಂದರ ಕೊಕ್ಕನ್ನು ಕೈಯಲ್ಲಿಟ್ಟುಕೊಂಡು. 2003ರಲ್ಲಿ ಚಿಲಿಯ ದಡಕ್ಕೆ ಬಂದ ಟನ್‌ಗಟ್ಟಲೆ ತೂಕದ, ಮೂಳೆಯಿಲ್ಲದ ಬೂದು ಮುದ್ದೆ ಹೊಸ ದೈತ್ಯಜೀವಿ ಎಂದು ಜಗತ್ತೆಲ್ಲ ಸುದ್ದಿಯಾಯಿತು. ಮರುವರ್ಷ ಪರೀಕ್ಷೆಯಲ್ಲಿ ಅದು ಸ್ಪರ್ಮ್ ತಿಮಿಂಗಿಲದ ಕೊಬ್ಬಿನ ಪದರವೆಂದು ತಿಳಿಯಿತು. ನನ್ನನ್ನು ಹೆಚ್ಚು ಕಾಡುವುದು ಸ್ಪೇಡ್‌ಟೂತ್ಡ್ ತಿಮಿಂಗಿಲ. 1874ರಲ್ಲಿ ಒಂದು ದವಡೆಯ ಮೇಲಿಂದ ಹೆಸರು ಪಡೆದ ಜಾತಿ. 2024ರ ಜುಲೈನಲ್ಲಿ ನ್ಯೂಜಿಲೆಂಡಿನ ಒಟಾಗೊ ದಡಕ್ಕೆ ಐದು ಮೀಟರ್ ಉದ್ದದ ಗಂಡೊಂದು ಬಂದಾಗ, ಅಲ್ಲಿಯವರೆಗೆ ಲೆಕ್ಕಕ್ಕೆ ಸಿಕ್ಕವುಗಳಲ್ಲಿ ಅದು ಏಳನೆಯದಷ್ಟೇ. ಕಡಲಿನಲ್ಲಿ ಜೀವಂತವಾಗಿ ಈಜುವುದನ್ನು ಗುರುತಿಸಿ ದಾಖಲಿಸಿದವರು ಅಷ್ಟರವರೆಗೆ ಒಬ್ಬರೂ ಇರಲಿಲ್ಲ. ಇಡೀ ಒಂದು ತಿಮಿಂಗಿಲ ಜಾತಿಯ ಬಗ್ಗೆ ನಮಗೆ ತಿಳಿದದ್ದೆಲ್ಲ ಉಬ್ಬರದ ಗೆರೆಯಿಂದ ಬಂದದ್ದು.

ಆರನೇ ದಿನ

ಮಧ್ಯಾಹ್ನ ಎರಡಕ್ಕೆ ಹೊರಡಬೇಕು. ಬೆಳಗ್ಗೆ ಏಳಕ್ಕೆ ಕೊನೆಯ ಸುತ್ತು.

ದಡದ ನಡುಮಟ್ಟದಲ್ಲಿ ಆಳುದ್ದದ ಮರದ ದಿಮ್ಮಿ ಬಂದು ಬಿದ್ದಿತ್ತು. ಅದರ ಕೆಳಮೈ ಅಲುಗುತ್ತಿರುವಂತೆ ಕಂಡಿತು. ಕೂತು ನೋಡಿದರೆ ನೂರಾರು, ಅಲ್ಲ, ಸಾವಿರಾರು ಲೀಪಾಸ್‌ಗಳು. ಗೂಸ್ ಬಾರ್ನಕಲ್. ಕಂದು ಬಣ್ಣದ, ರಬ್ಬರಿನಂಥ ಕಾಂಡ, ತುದಿಗೆ ನೀಲಿ ಛಾಯೆಯ ಬಿಳಿ ಚಿಪ್ಪು, ಚಿಪ್ಪಿನ ಅಂಚಿಗೆ ಕೇಸರಿ ಗೆರೆ. ಚಿಪ್ಪು ಇದ್ದರೂ ಇವು ಶಂಖದ ಕಡೆಯವಲ್ಲ, ಏಡಿ ಸೀಗಡಿಗಳ ಕುಲ. ಮರಿಯಾಗಿ ಈಜುತ್ತಾ ಬಂದು, ತೇಲುವ ವಸ್ತುವೊಂದಕ್ಕೆ ತಲೆ ಅಂಟಿಸಿ, ಆಮೇಲೆ ಬದುಕೆಲ್ಲ ಕಾಲುಗಳನ್ನು ನೀರಿಗೆ ಚಾಚಿ ಆಹಾರ ಬಾಚಿಕೊಳ್ಳುತ್ತವೆ. ಪ್ರತಿ ಚಳಿಗಾಲಕ್ಕೆ ಬಂದು ಹೋಗುವ ಒಂದು ಜಾತಿಯ ಹೆಬ್ಬಾತು (ಗೂಸ್) ಗೂಡು ಕಟ್ಟುವುದನ್ನು ಕಾಣದ ಮಧ್ಯಯುಗದ ಯುರೋಪಿನವರು, ಅದು ಹುಟ್ಟುವುದೇ ಇಂಥ ದಿಮ್ಮಿಯ ಚಿಪ್ಪುಗಳಿಂದ ಎಂದು ನಂಬಿದ್ದರು. ಡಾರ್ವಿನ್ ಬಾರ್ನಕಲ್‌ಗಳ ಅಧ್ಯಯನಕ್ಕೆಂದೇ 1846ರಿಂದ ಎಂಟು ವರ್ಷ ಕೂತ. ಕಾಣೆಯಾದ ಮಲೇಷಿಯಾದ ಎಂಎಚ್370 ವಿಮಾನದ ರೆಕ್ಕೆಯ ತುಂಡು 2015ರಲ್ಲಿ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ ಸಿಕ್ಕಾಗ ಅದರ ಮೇಲೆ ಬೆಳೆದಿದ್ದದ್ದೂ ಇವೇ. ಚಿಪ್ಪಿನ ಗಾತ್ರದಿಂದ ಅದು ಎಷ್ಟು ಕಾಲ ತೇಲಿತೆಂದು ಅಂದಾಜಿಸಲು ಹೊರಟವರಿದ್ದರು.

ಚಿಪ್ಪುಗಳು ಅರೆಬರೆ ತೆರೆದು ಮುಚ್ಚುತ್ತಿದ್ದವು. ಬಿಸಿಲೇರುತ್ತಿತ್ತು. ದಿಮ್ಮಿಯನ್ನು ಅಲುಗಿಸಲು ಇಬ್ಬರೂ ಹೆಗಲು ಕೊಟ್ಟೆವು, ಕದಲಲಿಲ್ಲ. ಒದ್ದೆ ಪಾಚಿ ತಂದು ಹೊದಿಸಿದೆವು. ಒಬ್ಬರಾದ ಮೇಲೆ ಒಬ್ಬರು ಬಕೆಟ್ಟಿನಲ್ಲಿ ಕಡಲ ನೀರು ತಂದು ಹೊಯ್ದೆವು. ಒಂಬತ್ತು, ಹತ್ತು, ಹನ್ನೊಂದು. ಇಳಿತ ಮುಗಿದು ನೀರು ತಿರುಗಿತ್ತು, ಆದರೆ ಬಹಳ ನಿಧಾನ.

ಹನ್ನೆರಡೂಕಾಲಿಗೆ ಮೊದಲ ಅಲೆ ದಿಮ್ಮಿಯ ಬುಡ ಮುಟ್ಟಿ ಹಿಂದೆ ಹೋಯಿತು. ನಾಲ್ಕನೆಯದು ಸುತ್ತುವರಿಯಿತು. ಪಾಚಿಯನ್ನು ತೆಗೆದೆವು. ತಂಗಿ ಮರಳಿನ ಮೇಲೆ ಒರಗಿ ಕೆನ್ನೆಯನ್ನು ನೀರಿಗೆ ತಾಗಿಸಿ ನೋಡುತ್ತಿದ್ದಳು. ಒಂದು ಚಿಪ್ಪು ಬಿರಿಯಿತು, ಒಳಗಿನಿಂದ ಕಪ್ಪು ರೆಪ್ಪೆಗೂದಲಿನಂಥ ಕಾಲುಗಳ ಗೊಂಚಲು ಹೊರಬಂದು ಬೀಸಿತು, ಒಳಗೆ ಹೋಯಿತು. ಪಕ್ಕದ್ದು ಬಿರಿಯಿತು. ಅದರ ಪಕ್ಕದ್ದು. ಮುಂದಿನ ಅಲೆ ಬರುವಷ್ಟರಲ್ಲಿ ದಿಮ್ಮಿಯ ಇಡೀ ಮಗ್ಗುಲು ತೆರೆದುಕೊಂಡು ನೀರನ್ನು ಬಾಚುತ್ತಿತ್ತು.

ಒಂದು ಗಂಟೆ ಹೊತ್ತಿಗೆ ದಿಮ್ಮಿ ಎದ್ದು ಅಲುಗಿತು. ನಾವು ತಟ್ಟೆ, ಚಮಚ ತೊಳೆದುಕೊಂಡು ಮೇಲೆ ಬಂದೆವು.